ಆರುವಾರದಮ್ಮನ ಮತ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆ ಕಟ್ಟಿದವರು, ಇಬ್ಬರೂ ಡಾಕ್ಟರಾಗಿ ಒಂದೇ ಸಮಿತಿಯಲ್ಲಿ ಎದುರುಬದುರು ಕೂರುವ ಕಾಲವೂ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ಈ ಮನೆಯಲ್ಲಿ ಅದು ಬಂದಿತ್ತು.

ಅತ್ತೆ ಮಕ್ಕಳ ಮೂಳೆ ಸೋಂಕಿನ ಚಿಕಿತ್ಸೆಯಲ್ಲಿ ಹೆಸರಾದವರು. ಮೂಳೆಯೊಳಗೆ ಕೀವಾದ ಮಗು ಆರು ವಾರ ಆಸ್ಪತ್ರೆಯಲ್ಲೇ ಇರಬೇಕು, ಔಷಧಿ ಡ್ರಿಪ್ಪಿನಲ್ಲೇ ಹೋಗಬೇಕು, ಒಂದು ದಿನವೂ ಕಡಿಮೆಯಾಗಕೂಡದು ಎಂಬುದು ಅವರ ಕಟ್ಟಪ್ಪಣೆ. ಅವರ ಕೈಯಲ್ಲಿ ಕಲಿತವರು ಎಷ್ಟೋ ದೇಶಗಳಲ್ಲಿ ಅದನ್ನೇ ವೇದವಾಕ್ಯವೆಂದು ಪಾಲಿಸುತ್ತಿದ್ದರು. ಬೆನ್ನ ಹಿಂದೆ ವಿದ್ಯಾರ್ಥಿಗಳು ಇಟ್ಟ ಹೆಸರು ‘ಆರುವಾರದಮ್ಮ’. ಅದು ಅವರ ಕಿವಿಗೂ ಬಿದ್ದಿತ್ತು. "ಏಳುವಾರದಮ್ಮ ಅನ್ನಲಿಲ್ಲವಲ್ಲ, ಪುಣ್ಯ" ಎಂದು ನಕ್ಕು ಸುಮ್ಮನಾಗಿದ್ದರು.

ಸೊಸೆ ರೋಗಿಗಳನ್ನು ನೋಡುವ ಡಾಕ್ಟರಲ್ಲ. ಜಗತ್ತಿನಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಕೇರಿ, ಜೊಳ್ಳು ತೂರಿ, ಉಳಿದ ಕಾಳನ್ನು ಬೇರೆ ಬೇರೆ ದೇಶದ ತಜ್ಞರ ಮುಂದಿಡುವುದು, ಅವರೆಲ್ಲ ಒಪ್ಪುವಂಥ ಮಾರ್ಗಸೂಚಿಯನ್ನು ಬರೆಸುವುದು ಅವಳ ಕೆಲಸ. ಈ ಸಲ ಸರದಿ ಬಂದದ್ದು ಆ ಆರು ವಾರಕ್ಕೇ. ಸಮಿತಿಯ ಯಾರೊಂದಿಗಾದರೂ ಸಂಬಂಧವಿದ್ದರೆ ಮೊದಲೇ ತಿಳಿಸಬೇಕೆಂಬ ನಿಯಮವಿತ್ತು. "ಹಿರಿಯ ಸದಸ್ಯೆಯೊಬ್ಬರ ಸೊಸೆ" ಎಂದು ಬರೆದುಕೊಟ್ಟಳು.

"ಇದರಿಂದ ಏನಾದ್ರೂ ತಿಕ್ಕಾಟ ಬರುತ್ತಾ?" ಎಂದು ಅಧ್ಯಕ್ಷರು ಕೇಳಿದರು.

"ಫ್ರಿಜ್ಜಿನ ವಿಷಯಕ್ಕೆ ಮಾತ್ರ, ಸಾರ್."

ಅಧ್ಯಕ್ಷರು ನಕ್ಕರು, ಆದರೆ ಅವಳಿಗೆ ಮತ ಕೊಡಲಿಲ್ಲ. ಏರ್ಪಾಡು ನೋಡಿಕೊಳ್ಳುವುದಷ್ಟೇ ಅವಳ ಪಾಲಿಗೆ ಬಂತು.

ಆ ಏರ್ಪಾಡಿನ ಮೇಲೆ ಅವಳಿಗೆ ಎಲ್ಲಿಲ್ಲದ ಅಭಿಮಾನ. ಯಾರ ಮತ ಯಾವುದೆಂದು ಯಾರಿಗೂ ಗೊತ್ತಾಗಕೂಡದು, ಅವಳಿಗೂ. ಸದಸ್ಯರು ತಂತಮ್ಮಲ್ಲೂ ಮನೆಮಂದಿಯ ಹತ್ತಿರವೂ ಬಾಯಿ ಬಿಡಕೂಡದು. ಒಪ್ಪದವರು ಕಾರಣ ಬರೆಯಬೇಕು. ಹೆಸರಿಲ್ಲದ ಆ ಕಾರಣಗಳನ್ನು ಎಲ್ಲರಿಗೂ ಕಳಿಸಿ ಮತ್ತೆ ಮತ ಕೇಳಬೇಕು. ದೊಡ್ಡವರು ಕೆಮ್ಮಿದರೆ ಚಿಕ್ಕವರು ತಲೆಯಾಡಿಸುವ ಲೋಕದಲ್ಲಿ ಇಂಥದ್ದೊಂದು ಪದ್ಧತಿ ಹುಟ್ಟಿತಲ್ಲ, ಅದನ್ನು ಹುಟ್ಟಿಸಿದವರ ಕೈಯನ್ನು ಕಣ್ಣಿಗೊತ್ತಿಕೊಳ್ಳಬೇಕು ಎನ್ನುತ್ತಿದ್ದಳು.

ಅಧ್ಯಯನಗಳು ಹೇಳುತ್ತಿದ್ದದ್ದು ಸ್ಪಷ್ಟವಾಗಿತ್ತು. ಹೆಚ್ಚಿನ ಮಕ್ಕಳಿಗೆ ಕೆಲವು ದಿನ ಡ್ರಿಪ್ ಕೊಟ್ಟು, ಜ್ವರ ಇಳಿದ ಮೇಲೆ ಮನೆಯಲ್ಲಿ ಮಾತ್ರೆ ಕೊಟ್ಟರೆ ಸಾಕು. ಆರು ವಾರ ಬೇಡ. ಆದರೆ ನೂರಕ್ಕೆ ಎಂಬತ್ತು ಮಂದಿ ಒಪ್ಪದೆ ಅದು ಮಾರ್ಗಸೂಚಿಯಾಗುವಂತಿರಲಿಲ್ಲ. ಎರಡನೇ ಸುತ್ತು ಮುಗಿದಾಗ ಒಂದೇ ಒಂದು ಮತ ಕಡಿಮೆ ಬಿತ್ತು. ಆ ಒಂದು ಮತ ಬಾರದಿದ್ದರೆ ಮುಂದಿನ ಪರಿಶೀಲನೆಯವರೆಗೆ, ಅಂದರೆ ಇನ್ನೂ ಹತ್ತು ವರ್ಷ, ಬರುವ ಮಕ್ಕಳೆಲ್ಲ ಆರಾರು ವಾರ ಮಂಚ ಹಿಡಿಯಬೇಕು. ಬಂದರೆ ಅತ್ತೆ ಜೀವಮಾನವೆಲ್ಲ ಹೇಳಿದ್ದು ತಪ್ಪೆಂದು ಜಗತ್ತಿಗೇ ಡಂಗುರ ಹೊಡೆದಂತಾಗುತ್ತದೆ.

ವಿರೋಧದ ಕಾರಣಗಳಲ್ಲಿ ಒಂದು ಪೂರ್ತಿ ಪುಟದಷ್ಟಿತ್ತು. "ಜ್ವರ ಬಿಟ್ಟ ದಿನವೇ ಮಾತ್ರೆಯನ್ನೂ ಬಿಡುತ್ತಾರೆ" ಎಂದು ಶುರುವಾಗುತ್ತಿತ್ತು. ಓದುತ್ತಿದ್ದಂತೆ ಸೊಸೆಯ ಕೈ ನಿಂತಿತು. ಇದೇ ಮಾತನ್ನು, ಇದೇ ಸಿಟ್ಟಿನಲ್ಲಿ, ಊಟದ ಮೇಜಿನಲ್ಲಿ ಅದೆಷ್ಟು ಸಲ ಕೇಳಿಲ್ಲ? ಅತ್ತೆಯದೇ, ಅನುಮಾನವೇ ಇಲ್ಲ. ಇದು ಎಲ್ಲರ ಕೈಗೆ ಹೋದರೆ ಎಲ್ಲರೂ ಗುರುತು ಹಿಡಿಯುತ್ತಾರೆ. ‘ಪಾಪ, ವಯಸ್ಸಾಯ್ತು, ಹಟ ಬಿಡಲೊಲ್ಲರು’ ಎಂದು ಟೀ ಕುಡಿಯುತ್ತಾ ಆಡಿಕೊಳ್ಳುತ್ತಾರೆ. ಅದಕ್ಕೆ ಎಡೆಗೊಡಬಾರದೆಂದುಕೊಂಡಳು. ಉಳಿದವರ ಕಾರಣಗಳನ್ನು ಇದ್ದಂತೆಯೇ ಇಟ್ಟು, ಆ ಒಂದು ಪುಟವನ್ನು ಮಾತ್ರ ಒಂದೇ ಸಾಲಿಗೆ ಇಳಿಸಿದಳು: ಮನೆಯಲ್ಲಿ ಮಾತ್ರೆ ಸರಿಯಾಗಿ ಕೊಡುತ್ತಾರೆಂಬ ಭರವಸೆ ಇಲ್ಲ.

ಆಮೇಲೆ ಮನೆಯಲ್ಲಿ ಅವಳ ಮುಖ ಗಂಟು ಬಿತ್ತು. ಅತ್ತೆಯ ಮೇಲೆ ಕನಿಕರವೂ ಇತ್ತು, ಕೋಪವೂ ಇತ್ತು. ಇಷ್ಟೊಂದು ಪುರಾವೆ ಕಣ್ಣೆದುರಿಗಿದ್ದರೂ ಒಪ್ಪುವುದಿಲ್ಲವೆಂದರೆ ಹೇಗೆ? ಅತ್ತೆಯೋ ಏನೂ ಆಗದವರಂತೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಕೂತಿರುತ್ತಿದ್ದರು.

"ನಿಮ್ಮಿಬ್ಬರ ಮಧ್ಯೆ ಜಗಳವಾದ್ರೆ ಪಾತ್ರೆ ಸದ್ದಾದ್ರೂ ಕೇಳ್ಬೇಕಪ್ಪಾ" ಎಂದ ಗಂಡ. "ಇದೇನು, ಚಮಚನೂ ಪಿಸುಗುಡ್ತಿದೆ."

ಕೊನೆಯ ಸುತ್ತಿಗೆ ಎಲ್ಲರೂ ಅತ್ತೆಯ ಆಸ್ಪತ್ರೆಯ ಮೇಲಂತಸ್ತಿನ ಹಾಲಿನಲ್ಲಿ ಸೇರಿದರು. ಉದ್ದನೆಯ ಮೇಜು, ಒಬ್ಬೊಬ್ಬರ ಮುಂದೂ ಒಂದು ಮೈಕು, ನೀರಿನ ಬಾಟಲಿ. ಅಧ್ಯಕ್ಷರು ವಿರೋಧದ ಕಾರಣಗಳನ್ನು ಓದಿ ಮುಗಿಸುತ್ತಿದ್ದಂತೆ ಮೇಜಿನ ತುದಿಯಲ್ಲಿ ಒಂದು ಕೈ ಮೇಲೆದ್ದಿತು. ದೂರದ ದ್ವೀಪವೊಂದರ ಆಸ್ಪತ್ರೆಯಿಂದ ಬಂದಿದ್ದ ಡಾಕ್ಟರ್ ಅದು. ಅಲ್ಲಿಯತನಕ ತುಟಿಪಿಟಕ್ಕೆಂದವರಲ್ಲ.

"ಯಾರದು ಅಂತ ಹೇಳಬಾರದು ಅನ್ನೋ ನಿಯಮ ಮುರೀತಿದ್ದೀನಿ, ಕ್ಷಮಿಸಿ. ಆ ಕೊನೇ ಸಾಲು ನಂದು. ಆದ್ರೆ ನಾನು ಬರೆದದ್ದು ಒಂದು ಪುಟ. ಉಳಿದದ್ದು ಎಲ್ಲಿ ಹೋಯ್ತು?"

ಸೊಸೆ ತಪ್ಪನ್ನು ಕಂಪ್ಯೂಟರಿನ ಮೇಲೆ ಹಾಕಿಬಿಡಬಹುದಿತ್ತು. ಪಾಪ, ಅದು ಎಷ್ಟು ಜನರ ತಪ್ಪು ಹೊತ್ತಿಲ್ಲ! ಆದರೆ ಅವಳು ಎದ್ದು ನಿಂತಳು.

"ನಾನೇ ಕತ್ತರಿಸಿದೆ. ಬೇರೆ ಯಾರೋ ಬರೆದದ್ದು ಅಂದ್ಕೊಂಡೆ. ಎಲ್ರೂ ಅವರನ್ನ ಗುರುತು ಹಿಡಿದು ಹಗುರವಾಗಿ ನೋಡ್ತಾರೇನೋ ಅನ್ನಿಸ್ತು."

"ಯಾರು ಅಂದ್ಕೊಂಡ್ರಿ?" ಎಂದರು ಅಧ್ಯಕ್ಷರು.

ಅವಳು ಬಾಯಿ ಬಿಡಲಿಲ್ಲ. ಆದರೆ ಹಾಳು ಕಣ್ಣು ಹೋಗಬೇಕಾದ ಕಡೆಗೇ ಹೋಯಿತು. ಇಡೀ ಮೇಜು ಅತ್ತ ತಿರುಗಿತು. ಅತ್ತೆ ಕನ್ನಡಕ ತೆಗೆದು ಸೊಸೆಯನ್ನೇ ನೋಡಿದರು.

"ನಾನಾ?" ಎಂದರು.

ದ್ವೀಪದ ಡಾಕ್ಟರ್ ಮುಜುಗರದಿಂದ, "ನನಗೆ ಕಲಿಸಿದವರು ನಿಮ್ಮ ಶಿಷ್ಯರು, ಮೇಡಂ. ಮಾತು ಅಲ್ಲಿಂದ ಬಂದಿರಬೇಕು" ಎಂದರು.

ಅಧ್ಯಕ್ಷರ ಮುಖ ಬಿಗಿಯಿತು. "ಇದು ಸಣ್ಣ ತಪ್ಪಲ್ಲ. ವರದಿಯಲ್ಲಿ ದಾಖಲಾಗುತ್ತೆ."

"ದಾಖಲಾಗ್ಲಿ" ಎಂದರು ಅತ್ತೆ. "ಮೊದ್ಲು ಆ ಪುಟ ಪೂರ್ತಿ ಕೇಳೋಣ. ಕತ್ತರಿಸಿದವಳೇ ಓದ್ಲಿ."

ಸೊಸೆ ಓದಿದಳು. ದೋಣಿಯಲ್ಲಿ ಅರ್ಧ ದಿನ ಕಳೆದು ಬರುವ ತಾಯಂದಿರು. ಮನೆಗೆ ಹೋದ ಮೇಲೆ ಮಗು ಓಡಾಡುವುದನ್ನು ಕಂಡು, ಇನ್ನೇಕೆ ಮಾತ್ರೆಯೆಂದು ಎತ್ತಿಡುವವರು. ತಿಂಗಳ ನಂತರ ಅದೇ ಮಗುವನ್ನು ಹೊತ್ತು ತರುವವರು. ಅಷ್ಟರಲ್ಲಿ ಆ ಕಾಲನ್ನು ಉಳಿಸಿಕೊಳ್ಳುವ ಹಾಗೇ ಇರುವುದಿಲ್ಲ. ಓದುತ್ತಾ ಹೋದಂತೆ, ಇದು ಹಟವಲ್ಲ, ಕಂಡುಂಡ ನೋವು ಎಂದು ಅವಳಿಗೆ ತಿಳಿಯಿತು. ತಾನು ಕತ್ತರಿಸಿದ್ದು ಸಮಿತಿ ಕೇಳಲೇಬೇಕಾಗಿದ್ದ ಮಾತನ್ನು ಎಂಬುದೂ ತಿಳಿದು ನಾಚಿಕೆಯಾಯಿತು.

ಅತ್ತೆ ಮೈಕು ಹತ್ತಿರಕ್ಕೆಳೆದುಕೊಂಡರು. "ನಾನು ಹೊಸ ಡಾಕ್ಟರಾಗಿದ್ದಾಗ ಒಂದು ಹುಡುಗೀನ ಬೇಗ ಮನೆಗೆ ಕಳಿಸಿದ್ದೆ. ವಾಪಸ್ ಬಂದಾಗ ಕಾಲು ತೆಗೀಬೇಕಾಯ್ತು. ಅವತ್ತಿಂದ ಆರು ವಾರ ಅಂದೆ. ಅಧ್ಯಯನ ಗಿಧ್ಯಯನ ಏನೂ ಇರ್ಲಿಲ್ಲ, ಭಯ ಇತ್ತು ಅಷ್ಟೆ. ಈಗ ಅನ್ನಿಸುತ್ತೆ, ಮಕ್ಕಳನ್ನ ಉಳಿಸಿದ್ದು ಆರು ವಾರ ಅಲ್ಲ. ಆರು ವಾರ ಅವರ ಮೇಲೆ ಯಾರದೋ ಒಂದು ಕಣ್ಣಿತ್ತಲ್ಲ, ಅದು. ಮಗು ಮನೆಗೆ ಹೋಗ್ಲಿ, ಕಣ್ಣು ಮಾತ್ರ ಹಿಂದೇನೇ ಹೋಗೋ ಹಾಗೆ ಬರೆಯೋಣ."

ಆಮೇಲೆ ನಡೆದದ್ದನ್ನು ಸೊಸೆ ಬಾಯಿ ಬಿಟ್ಟುಕೊಂಡು ನೋಡಿದಳು. ಜಗತ್ತೇ ಬಲ್ಲ ಘಟಾನುಘಟಿಗಳು ಕೋಟು ಕಳಚಿ, ತೋಳು ಮಡಿಸಿ, ದ್ವೀಪದ ಡಾಕ್ಟರನ್ನು ನಡುವೆ ಕೂರಿಸಿಕೊಂಡು ಒಂದೊಂದು ಸಾಲಿಗೂ ಗುದ್ದಾಡಿದರು. ನರ್ಸ್ ವಾರವಾರ ಫೋನ್ ಮಾಡಬೇಕು. ಫೋನಿಲ್ಲದ ಮನೆಗೆ ಹತ್ತಿರದ ಆರೋಗ್ಯ ಕಾರ್ಯಕರ್ತೆ ಹೋಗಬೇಕು. ರಕ್ತ ಪರೀಕ್ಷೆ ತಪ್ಪಬಾರದು. ಇಷ್ಟಕ್ಕೆ ಅನುಕೂಲವಿಲ್ಲದಿದ್ದರೆ ಮಗು ಆಸ್ಪತ್ರೆಯಲ್ಲೇ ಇರಲಿ. ಊಟ ತಣ್ಣಗಾದರೂ ಯಾರೂ ಮೇಲೇಳಲಿಲ್ಲ. ಮತ ಎಣಿಸಿದಾಗ ಒಪ್ಪದವರು ಒಬ್ಬರೇ. ಆ ಒಬ್ಬರ ಕಾರಣವನ್ನು ಸೊಸೆ ಒಂದಕ್ಷರ ಬಿಡದೆ ವರದಿಗೆ ಸೇರಿಸಿದಳು.

ಲಿಫ್ಟಿನ ಮುಂದೆ ಅತ್ತೆ ಸೊಸೆ ಇಬ್ಬರೇ ನಿಂತರು.

"ಅತ್ತೆ, ನೀವು..."

"ಮೊದಲ್ನೇ ಸುತ್ತಿನಿಂದ್ಲೂ ನಾನು ಒಪ್ಪಿದ್ದೆ ಕಣಮ್ಮ. ಮುಗೀತಲ್ಲ, ಇನ್ನು ಹೇಳಬಹುದು."

"ಮನೇಲಿ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು? ನಾನು ಮುಖ ಊದಿಸ್ಕೊಂಡು ಓಡಾಡ್ತಿದ್ದೆ!"

"ಮನೇಲಿ ಹೇಳಬಾರದು ಅಂತ ನಿಯಮ ಓದಿದ್ದು ಯಾರು? ನೀನೇ ತಾನೆ?" ಅತ್ತೆ ನಗಲಿಲ್ಲ. "ನಾನು ತಪ್ಪು ಅಂತ ನಿನ್ನ ಪುರಾವೆ ಹೇಳ್ತು, ಅದನ್ನ ತಡ್ಕೊಂಡೆ. ಅದನ್ನ ತಡ್ಕೊಳ್ಳೋ ಶಕ್ತಿ ನನಗಿಲ್ಲ ಅಂದ್ಕೊಂಡೆಯಲ್ಲ, ಅದೇ ಬೇಜಾರಾಯ್ತು."

ಲಿಫ್ಟು ಬಂತು. ಅತ್ತೆ ಮನೆಗೆ ಹೊರಡಲು ಕೆಳ ಅಂತಸ್ತನ್ನು ಒತ್ತುವ ಬದಲು ಮಕ್ಕಳ ವಾರ್ಡಿನ ಅಂತಸ್ತನ್ನು ಒತ್ತಿದರು.

ಕಿಟಕಿ ಪಕ್ಕದ ಮಂಚದಲ್ಲಿ ಒಂದು ಪುಟ್ಟ ಹೆಣ್ಣುಮಗು, ಕೈಗೆ ಡ್ರಿಪ್ ಕಟ್ಟಿಸಿಕೊಂಡು ಗೋಡೆಗೆ ಒದೆಯುತ್ತಾ ಮಲಗಿತ್ತು. ಜ್ವರ ಬಿಟ್ಟಿತ್ತು, ರಕ್ತ ಪರೀಕ್ಷೆಯೂ ಸರಿಯಾಗಿತ್ತು. ಅತ್ತೆ ಅದರ ಕಾಲನ್ನು ನಿಧಾನವಾಗಿ ಒತ್ತಿ ನೋಡಿ, ತಾಯಿಯ ಕಡೆ ತಿರುಗಿದರು.

"ಮನೆಗೆ ಹೋಗಬಹುದಮ್ಮ. ಇನ್ನು ಮಾತ್ರೆ ಸಾಕು. ನಮ್ಮ ನರ್ಸ್ ವಾರವಾರ ಫೋನ್ ಮಾಡ್ತಾಳೆ."

ತಾಯಿ ಗಾಬರಿಯಾದಳು. "ಬೇಡಿ ಡಾಕ್ಟ್ರೇ! ಆರು ವಾರ ಇಟ್ಕೋತಾರೆ, ಅದಕ್ಕೇ ಮಕ್ಕಳು ಉಳೀತಾರೆ ಅಂತ ಕೇಳಿ ಈ ಆಸ್ಪತ್ರೇನೇ ಹುಡುಕ್ಕೊಂಡು ಬಂದ್ವಿ. ಇಲ್ಲಿರೋ ಯಾರೋ ದೊಡ್ಡ ಡಾಕ್ಟ್ರು ಹಾಗೇ ಹೇಳ್ತಾರಂತೆ."

ಸೊಸೆ ಬಾಗಿಲಲ್ಲೇ ನಿಂತಿದ್ದಳು. ಒಂದು ಹೆಜ್ಜೆ ಮುಂದಿಟ್ಟು ತಾನೇ ವಿವರಿಸಿಬಿಡಲೇ ಎಂದು ಬಾಯಿತನಕ ಬಂತು. ಈ ಸಲ ತಡೆದುಕೊಂಡಳು.

ಅತ್ತೆ ಮಂಚದಂಚಿಗೆ ಕೂತು ಆ ತಾಯಿಯ ಕೈ ಹಿಡಿದುಕೊಂಡರು.

"ಆ ದೊಡ್ಡ ಡಾಕ್ಟ್ರು ನಾನೇ ಕಣಮ್ಮ" ಎಂದರು. "ನಾನು ಹೇಳ್ತಿದ್ದದ್ದು ತಪ್ಪಾಗಿತ್ತು."