ಕೈಗೆ ಬಿದ್ದ ಅಕ್ಷತೆ

ಘೋಡಗೇರಿಯಲ್ಲಿ ಅಂಗವಿಕಲರು ನಾಲ್ಕೇ ಮಂದಿ ಅಂತ ಸರ್ಕಾರದ ಪಟ್ಟಿ ಹೇಳುತ್ತಿತ್ತು. ಕಲ್ಲೋಳಿಯ ಅಂಗವಿಕಲರ ಸಂಘದ ನಂದಾ ಬರೆದು ಕಳಿಸಿದ್ದು ಇಪ್ಪತ್ತಮೂರು. ಅನುದಾನ ಕೊಡಲಿದ್ದ ಬೆಂಗಳೂರಿನ ಸಂಸ್ಥೆಗೆ ಸಂಶಯ ಬಂತು. 'ಗುರುವಾರ ನಾವೇ ಬಂದು ನೋಡುತ್ತೇವೆ. ತಾಳೆಯಾಗದಿದ್ದರೆ ಅನುದಾನವಿಲ್ಲ' ಎಂದು ಕಾಗದ ಬರೆದರು.

ಅನುದಾನ ಹೋದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ನಡೆಯಬೇಕಿದ್ದ ತರಬೇತಿಯೂ ಹೋದಂತೆಯೇ. ಬಸ್ ಪಾಸು, ಪಿಂಚಣಿ, ಶಾಲೆ ಇವೆಲ್ಲ ಭಿಕ್ಷೆಯಲ್ಲ, ಹಕ್ಕು. ಕಾನೂನು ಬಂದು ಎಂಟು ವರ್ಷವಾಯಿತು ಅಂತ ಊರೂರಿಗೆ ಹೇಳುವವರು ಯಾರು?

ನಂದಾಳ ಲೆಕ್ಕ ಸುಳ್ಳಲ್ಲ. ಗಣತಿಯವರು ಬಾಗಿಲಲ್ಲಿ ನಿಂತು "ಅಂಗವಿಕಲರು ಇದ್ದಾರೆಯೇ?" ಅಂದರೆ ಯಾವ ತಾಯಿ ಹೂಂ ಅಂದಾಳು? ಉಳಿದ ಮಕ್ಕಳಿಗೆ ಸಂಬಂಧ ಕೂಡಿಬರಬೇಡವೇ! ನಂದಾ ಬಸ್ಸಿನ ನೆತ್ತಿಯ ಮೇಲೆ ತನ್ನ ಮೂರುಗಾಲಿ ಸೈಕಲ್ ಹೇರಿಸಿಕೊಂಡು ಬಂದು, ಮನೆಮನೆಗೆ ಹೋಗಿ, "ಯಕ್ಕಾ, ಮದವಿಗೆ ಹ್ವಾದಾಗ ಮನ್ಯಾಗ ಯಾರನ್ನ ಬಿಟ್ಟ ಹೋಕ್ಕೀರಿ?" ಅಂತ ಕೇಳಿದ್ದಳು. ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಪೋಲಿಯೋ ಕಾಲಿನ ಅವಳು ಸ್ವಂತ ಅಕ್ಕನ ಮದುವೆಯ ದಿನ ಅಡಿಗೆಮನೆಯ ಕದದ ಹಿಂದೆ ಕೂತವಳು.

ಸೋತದ್ದು ಒಂದೇ ಮನೆಯಲ್ಲಿ. ಕಿರಾಣಿ ಅಂಗಡಿಯ ಇಂದುಬಾಯಿ, "ನಾವು ಕೀಲಿ ಹಾಕ್ಕೊಂಡ ಹೋಕ್ಕೀವಿ" ಅಂದು ಕದ ಮುಚ್ಚಿದ್ದಳು. ನಂದಾ ಆ ಮನೆಯನ್ನು ಪಟ್ಟಿಗೆ ಸೇರಿಸಲಿಲ್ಲ.

ಸಂಸ್ಥೆಯವರಿಗೆ ಹೆಸರುಗಳನ್ನು ತೋರಿಸಿದರೆ ಕೆಲಸ ಮುಗಿಯುತ್ತಿತ್ತು. ಆದರೆ ಯಾರಿಗೂ ಹೇಳುವುದಿಲ್ಲವೆಂದು ಮನೆಮನೆಗೂ ಮಾತು ಕೊಟ್ಟಿದ್ದಳಲ್ಲ! ಎರಡು ದಿನ ಬೇರೆ ದಾರಿ ಹುಡುಕಿದಳು. ಮೂರನೆಯ ದಿನ ಸೆರಗಿನಲ್ಲಿ ಅಕ್ಷತೆ ಕಟ್ಟಿಕೊಂಡು ಹೊರಟಳು.

ಮದುವೆಗೆ ಕರೆಯುವವರು ಮನೆಯ ಹಿರಿಯರ ಕೈಗೆ ಅಕ್ಷತೆ ಕೊಟ್ಟು, "ಮನಿಮಂದಿ ಎಲ್ಲಾರೂ ಬರ್ರಿ" ಅನ್ನುತ್ತಾರೆ. ಆ ಎಲ್ಲರಲ್ಲಿ ಯಾರು ಸೇರಿಲ್ಲ ಅನ್ನುವುದು ಎರಡೂ ಕಡೆಗೆ ಗೊತ್ತು. ನಂದಾ ಹಿರಿಯರನ್ನು ದಾಟಿ, ಕೈಯೂರಿ ತೆವಳುತ್ತ ಒಳಗೆ ಹೋದಳು. ಕಣ್ಣಿಲ್ಲದ ಮಾಲಿಂಗಪ್ಪನ ಅಂಗೈ ಬಿಡಿಸಿ ಅಕ್ಷತೆ ಹಾಕಿದಳು.

"ಕಾಕಾ, ಗುರುವಾರ ಸಾಲ್ಯಾಗ ಹುಗ್ಗಿ ಊಟ ಐತಿ. ಮನಸ್ಸಿದ್ರ ನೀವು ಬರ್ರಿ. ಬೇಕಾದ್ರ ನಿಮ್ಮ ಸಂಗಾಟ ಮನಿಮಂದೀನೂ ಬರ್ಲಿ."

ಮುದುಕ ಕಾಳುಗಳನ್ನು ಬೆರಳಲ್ಲಿ ಸವರಿ ನೋಡಿದ. "ಅರವತ್ತ ವರ್ಷದಾಗ ನನ್ನ ಕೈಯಾಗ ಅಕ್ಷತಿ ಬಿದ್ದದ್ದು ಇದ ಮೊದಲು, ತಂಗಿ" ಅಂದ.

ಹೀಗೆ ಇಪ್ಪತ್ತಮೂರು ಅಂಗೈ.

ಗುರುವಾರ ಬೆಂಗಳೂರಿನ ಸಂಸ್ಥೆಯ ಸಾಹೇಬರು ಬಂದು ಶಾಲೆಯ ಕಟ್ಟೆಯ ಮೇಲೆ ಕೂತರು. ಹನ್ನೊಂದಾಯಿತು, ಹನ್ನೆರಡಾಯಿತು. ಸಂಘದ ಹೆಂಗಸರು ಮುಷ್ಟಿ ಮುಷ್ಟಿ ಗೋಧಿ ಕೂಡಿಸಿ ಮಾಡಿದ ಹುಗ್ಗಿ ಆರತೊಡಗಿತು. ಸಾಹೇಬರು ಗಡಿಯಾರ ನೋಡಿಕೊಂಡರು. ನಂದಾಳಿಗೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ.

ಆಗ ಮಾಲಿಂಗಪ್ಪ ಬಂದ, ಹೊಸ ರುಮಾಲು ಸುತ್ತಿಕೊಂಡು, ಕೋಲು ಕುಟ್ಟುತ್ತ. ಹಿಂದೆಯೇ ಚಕ್ಕಡಿಯಲ್ಲಿ ನಾಲ್ವರು, ಅಪ್ಪನ ಹೆಗಲೇರಿ ಒಬ್ಬಳು, ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಎಲ್ಲರ ಮೈಮೇಲೂ ಪೆಟ್ಟಿಗೆಯಲ್ಲೇ ಮಡಿಕೆ ಬಿದ್ದಿದ್ದ ಹೊಸ ಬಟ್ಟೆ. ಎಣಿಸುತ್ತ ಹೋದ ಸಾಹೇಬರು ಇಪ್ಪತ್ತಮೂರಕ್ಕೆ ಪೆನ್ನು ಮುಚ್ಚಿದರು. "ನಿಮ್ಮ ಲೆಕ್ಕ ಸರಿಯಾಗಿದೆ, ನಂದಾ ಅವರೇ" ಅಂದರು.

ಅಷ್ಟರಲ್ಲಿ ಗೇಟಿನಲ್ಲಿ ಇಂದುಬಾಯಿ ಕಂಡಳು. ಅವಳ ತೋಳು ಹಿಡಿದು, ಜರಿಯ ಲಂಗದಲ್ಲಿ, ಸೊಟ್ಟ ಪಾದ ಎಳೆಯುತ್ತ ಹದಿನೇಳರ ಮಗಳು ಸೋನಾಲಿ.

"ಕರೀಲಾರದ ಬಂದೇವಿ, ನಂದಾ. ನನ್ನ ಮಗಳ ಕೈಗೂ ಅಕ್ಷತಿ ಹಾಕ್ತೀಯೇನ?"

ನಂದಾ ಸೆರಗಿನ ಗಂಟು ಬಿಚ್ಚಿದಳು. ಉಳಿದಿದ್ದ ನಾಲ್ಕು ಕಾಳನ್ನು ಸೋನಾಲಿಯ ಅಂಗೈಗೆ ಹಾಕಿ, ಕಣ್ಣೊರೆಸಿಕೊಂಡು, ಕತ್ತೆತ್ತಿ ತಿರುಗಿದಳು.

"ಪೆನ್ನ ತಗೀರಿ ಸಾಹೇಬ್ರ, ನನ್ನ ಲೆಕ್ಕ ತಪ್ಪಿತ್ರಿ. ಇಪ್ಪತ್ನಾಕ ಅಂತ ಬರ್ಕೋರಿ."