ಉಲ್ಟಾ ಜೋಡಿಸಿದ ತಂತಿ

ಬೆರಳ ತುದಿಗೆ ಕಂದು ಪುಡಿ, ಇಟ್ಟಿಗೆ ಉಜ್ಜಿದ ಹಾಗೆ, ಊದಿದರೆ ಹಾರಿಹೋಗುತ್ತದೆ, ಊದಬಾರದು, ಇದು ಅಕ್ಕ, ಅಕ್ಕನ ದನಿಯ ಯಾವ ಚೂರೋ ಏನೋ, ಟೇಪಿನಿಂದ ಉದುರಿ ನನ್ನ ತೋರುಬೆರಳಿಗೆ ಅಂಟಿಕೊಂಡಿದೆ — ಅರ್ಧ ಹಾಡು ಹಾಕಿದ್ದಕ್ಕೆ ಇಷ್ಟು, ನಿನ್ನೆ ಮೆಕಾನಿಕ್ ಟೇಪು ಸುತ್ತಿದ ಸ್ಪೂಲನ್ನು ಕಣ್ಣಿನ ಹತ್ತಿರ ಹಿಡಿದು ಹೇಳಿರಲಿಲ್ಲವೆ, ಇದು ಇನ್ನೊಂದು ಸಲ ತಡೆದ್ರೆ ನಿಮ್ಮ ಪುಣ್ಯ ಸರ್, ನಾಳೆ ಸಂಜೆ ನಾನೇ ಬಂದು ಕಾಪಿ ಮಾಡ್ಕೊಡ್ತೀನಿ, ಅಲ್ಲೀವರೆಗೂ ದಯವಿಟ್ಟು ಮುಟ್ಟೋಕೆ ಹೋಗ್ಬೇಡಿ. ಹೂಂ ಎಂದೆ, ಕೋಲೆ ಬಸವನ ಹಾಗೆ ತಲೆಯನ್ನೂ ಆಡಿಸಿದೆ, ಇವತ್ತು ಮಧ್ಯಾಹ್ನ ಊಟ ಮುಗಿಸಿ ಮುಟ್ಟಿಯೇಬಿಟ್ಟೆ. ಸ್ಪೀಕರಿಗೆ ಹಾಕಿದ ಹೊಸ ತಂತಿಯಲ್ಲಿ ಹೇಗೆ ಕೇಳುತ್ತದೋ ನೋಡಬೇಡವೆ ಎಂದು ನನಗೆ ನಾನೇ ಹೇಳಿಕೊಂಡ ಸಬೂಬು.

ಅಕ್ಕ ಹೋಗಿ ಇನ್ನೂ ವರ್ಷ ತುಂಬಿಲ್ಲ, ಅವಳ ದನಿ ಅಂತ ಈ ಲೋಕದಲ್ಲಿ ಉಳಿದಿರುವುದು ಈ ಒಂದು ಸ್ಪೂಲು, ಭಾವ ಕಪಾಟಿನ ತಳದಿಂದ ತೆಗೆದುಕೊಟ್ಟಿದ್ದು, ತಗೋಪ್ಪ, ನಿನ್ನ ಕೂದಲು ಕತ್ತರಿಸ್ತಾ ಗುನುಗ್ತಿದ್ಲು, ನಾನು ಬಾಗಿಲ ಸಂದಿಯಿಂದ ಮೈಕ್ ಹಿಡಿದಿದ್ದೆ, ಗೊತ್ತಾಗಿದ್ರೆ ಕತ್ತರಿ ನನ್ ಮೇಲೇ ಎಸೀತಿದ್ಲು, ಎಂದು ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಅಮ್ಮನಿಲ್ಲದ ಮನೆಯಲ್ಲಿ ನನ್ನ ಉಗುರು, ನನ್ನ ಜ್ವರ, ನನ್ನ ತಲೆ ಎಲ್ಲ ಅಕ್ಕನ ಪಾಲಿಗೇ, ಮದುವೆಯಾದ ಮೇಲೂ ನನ್ನನ್ನು ಬಾಲದ ಹಾಗೆ ಕಟ್ಟಿಕೊಂಡೇ ಹೋದಳು, ಕೊರಳಿಗೆ ಹಳೆ ಟವೆಲು ಸುತ್ತಿ ಸ್ಟೂಲಿನ ಮೇಲೆ ಕೂರಿಸಿ ಹಿಂದೆ ನಿಲ್ಲುತ್ತಿದ್ದಳು, ತಿರುಗ್ಬೇಡ ಮರಿ, ಕಿವಿ ಹೋಗುತ್ತೆ — ಕತ್ತರಿಯ ಅಲಗು ಕಿವಿಯ ಹಿಂದೆ ತಣ್ಣಗೆ ತಾಗುತ್ತಿತ್ತು, ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಹಳೆಯ ತಂತಿಯಲ್ಲಿ ಕತ್ತರಿ ಕೇಳುತ್ತಲೇ ಇರಲಿಲ್ಲ, ಪಕ್ಕದ ಮನೆಯಲ್ಲಿ ಯಾರೋ ಗುನುಗಿದ ಹಾಗೆ, ಅಷ್ಟೇ, ಅದಕ್ಕೇ ಈ ಹೊಸ ತಂತಿ, ಹೆಬ್ಬೆರಳಿನಷ್ಟು ದಪ್ಪ, ನೆಲಕ್ಕೆ ತಾಗಬಾರದೆಂದು ಅದರಡಿಗೆ ಗಜಕ್ಕೊಂದು ಮರದ ಪುಟ್ಟ ಪೀಠ, ಇವಳು, ನನ್ನ ಹೆಂಡತಿ, ಸೊಂಟದ ಮೇಲೆ ಕೈಯಿಟ್ಟು ನೋಡಿದಳು, ನನ್ನ ಬೆನ್ನಿಗೊಂದು ದಿಂಬು ತನ್ನಿ ಅಂದ್ರೆ ಮರೀತೀರಿ, ತಂತಿಗೆ ಮಂಚ ಮಾಡಿಸಿದ್ದೀರಲ್ಲ, ಹೊದಿಕೆ ಬೇಡ್ವಾ ಅದಕ್ಕೆ. ಹೊಸ ತಂತಿ ಪಳಗಬೇಕು, ಕೇಳುವವರಿಲ್ಲದ ಕೋಣೆಯಲ್ಲಿ ಬಾಗಿಲು ಮುಚ್ಚಿ ದಿನಗಟ್ಟಲೆ ಏನಾದರೂ ಹಾಡಿಸುತ್ತಾ ಬಿಡಬೇಕು, ಹಾಗೆಯೇ ಬಿಟ್ಟಿದ್ದೆ, ಎರಡನೆಯ ದಿನಕ್ಕೇ ಇವಳ ತಮಾಷೆ ನಿಂತುಹೋಯಿತು, ಒಳಗೆ ಯಾರೂ ಇಲ್ಲ ಅಂತ ಗೊತ್ತು ರೀ, ಆದ್ರೂ ಆ ಬಾಗಿಲ ಮುಂದೆ ಹೋಗುವಾಗ ಒಂಥರಾ ಆಗುತ್ತೆ. ನಾನು ಅದನ್ನು ನಕ್ಕು ತಳ್ಳಿಹಾಕಿದೆ.

ಈಗ ನಗು ಬರುತ್ತಿಲ್ಲ. ಕುರ್ಚಿಯಲ್ಲಿ ಕೂತು ಟೇಪು ಹಾಕಿದಾಗ ದನಿ ಎದುರಿನ ಎರಡು ಸ್ಪೀಕರುಗಳ ನಡುವೆ, ಗೋಡೆಯ ಹತ್ತಿರ, ಎಂದಿನ ಜಾಗದಲ್ಲಿ ಹುಟ್ಟಬೇಕಿತ್ತು, ಹುಟ್ಟಲಿಲ್ಲ, ಎದುರಿಗೆ ಬರೀ ಖಾಲಿ, ಭಾವನ ದಪ್ಪ ಕೆಮ್ಮೊಂದಿತ್ತಲ್ಲ ಹಾಡಿನ ಮೊದಲಿಗೆ, ಅದೂ ಇಲ್ಲ — ಗುನುಗು ಮಾತ್ರ, ನನ್ನ ಬೆನ್ನ ಹಿಂದಿನಿಂದ, ನೆತ್ತಿಗಿಂತ ಸ್ವಲ್ಪ ಮೇಲೆ, ಸ್ಟೂಲಿನ ಮೇಲೆ ಕೂತವನ ಹಿಂದೆ ನಿಂತವಳ ಬಾಯಿ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟೇ ಎತ್ತರದಲ್ಲಿ, ಆಮೇಲೆ ಕಚಕ್, ಕಚಕ್, ಎಡಗಡೆ, ಇನ್ನೂ ಎಡಗಡೆ, ತಿರುಗ್ಬೇಡ ಮರಿ, ಮತ್ತು ಕಿವಿಯ ಹಿಂದೆ ತಣ್ಣಗೆ ಅಲಗು. ಹೌಹಾರಿ ಎದ್ದೆ, ತಿರುಗಿದೆ, ಗುಂಡಿ ಒತ್ತಿ ನಿಲ್ಲಿಸಿದೆ, ಹಿಂದೆ ಪುಸ್ತಕದ ಕಪಾಟು, ಮುಚ್ಚಿದ ಕಿಟಕಿ, ಬಿಸಿಲು, ಇನ್ನೇನೂ ಇಲ್ಲ. ಹಾಡು ಅರ್ಧಕ್ಕೆ ನಿಂತಿದೆ, ಬಲಗಡೆಯ ಕೂದಲು ಇನ್ನೂ ಬಾಕಿ.

ಟಾರ್ಚು ಹಿಡಿದು ಸ್ಪೀಕರಿನ ಹಿಂದೆ ಬಗ್ಗಿದೆ, ಕಾರಣ ಅಲ್ಲೇ ಇತ್ತು, ತಂತಿಯ ಎರಡು ಎಳೆಯೂ ಕಪ್ಪು, ಒಂದಕ್ಕೆ ಮಾತ್ರ ಸಣ್ಣ ಕೆಂಪು ನೂಲಿನ ಗುರುತು, ಕನ್ನಡಕ ಹಾಕದೆ ಜೋಡಿಸಿದ್ದೇನೆ, ಎಡದ ಸ್ಪೀಕರಿನಲ್ಲಿ ಕೆಂಪು ತಿರುಪಿಗೆ ಹೋಗಬೇಕಾದದ್ದು ಕಪ್ಪು ತಿರುಪಿಗೆ ಹೋಗಿದೆ, ಒಂದು ಸ್ಪೀಕರು ಮುಂದಕ್ಕೆ ತಳ್ಳಿದರೆ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ, ದಪ್ಪ ದನಿಗಳು ಕರಗಿಹೋಗುತ್ತವೆ, ಉಳಿದದ್ದು ತಲೆಯ ಸುತ್ತ ಎಲ್ಲೆಲ್ಲೋ ತೇಲುತ್ತದೆ — ಅಬ್ಬ, ಅಷ್ಟೇನಾ, ಹೋದ ಜೀವ ಬಂದ ಹಾಗಾಯಿತು, ಬಿಚ್ಚಿ ಸರಿಯಾಗಿ ಜೋಡಿಸಿದೆ, ಯಾವುದೋ ಬೇರೆ ರೆಕಾರ್ಡು ಹಾಕಿ ನೋಡಿದೆ, ಗಾಯಕಿ ಒಳ್ಳೆಯ ಹುಡುಗಿಯ ಹಾಗೆ ಎದುರು ಗೋಡೆಯ ನಡುವೆ ನಿಂತು ಹಾಡಿದಳು. ಅಕ್ಕನೂ ಇನ್ನು ಹಾಗೆಯೇ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಫೋಟೋದಂತೆ, ಸಂಜೆ ಕಾಪಿಯಾಗುತ್ತಾಳೆ, ಬೇಕೆಂದಾಗೆಲ್ಲ ಹಾಡುತ್ತಾಳೆ, ಉಲ್ಟಾ ತಂತಿಯಲ್ಲಿ ಬೇಕಾದರೂ ಕೇಳು ಮಾರಾಯ, ಕಾಪಿ ಎಲ್ಲಿ ಓಡಿಹೋಗುತ್ತೆ, ಗೊತ್ತು, ಇದೆಲ್ಲ ಗೊತ್ತು, ಆದರೆ ಕಾಪಿಯಿಂದ ಪುಡಿ ಉದುರುವುದಿಲ್ಲ, ಅವಳು ಅರ್ಧ ಕತ್ತರಿಸಿ ನಿಂತಿದ್ದಾಳೆ, ನಾನು ಎದ್ದುಹೋದೆ, ಅರ್ಧ ತಲೆ ಬಿಟ್ಟು ಎದ್ದುಹೋದರೆ ಅವಳಿಗೆ ಎಂಥ ಸಿಟ್ಟು ಬರುತ್ತಿತ್ತು, ಅಕ್ಕಾ, ನೀನು ನನಗೆ ಬೇಕು, ಅಷ್ಟೇ. ಮತ್ತೆ ಬಗ್ಗಿದ್ದೇನೆ, ಈ ಸಲ ಕನ್ನಡಕ ಹಾಕಿಕೊಂಡು, ಕೆಂಪು ನೂಲಿನ ಎಳೆಯನ್ನು ಬೇಕೆಂದೇ ಕಪ್ಪಿಗೆ ಸಿಕ್ಕಿಸಿ ತಿರುಪು ಬಿಗಿ ಮಾಡುತ್ತಿದ್ದೇನೆ.

ಸ್ಪೂಲು ತಿರುಗುತ್ತಿದೆ, ಯಂತ್ರದ ತಲೆಯಿಂದ ಕಂದು ಪುಡಿ ಸಣ್ಣ ಧಾರೆಯಾಗಿ ಬೀಳುತ್ತಿದೆ, ಗುನುಗು ನಡುನಡುವೆ ಕಡಿದುಹೋಗುತ್ತದೆ, ಒಂದು ಸಾಲು ಇದೆ, ಒಂದು ಸಾಲು ಇಲ್ಲ, ಉಸಿರಿದೆ, ಈಗ ಉಸಿರೂ ಇಲ್ಲ, ಟೇಪು ಗಾಜಿನ ಹಾಗೆ ಬೋಳಾಗಿ ಹೊರಬರುತ್ತಿದೆ, ಅದರ ಮೇಲೆ ಇನ್ನೇನೂ ಉಳಿದಿಲ್ಲ, ಆದರೂ ಕಚಕ್, ಕಚಕ್, ಈಗ ಬಲಗಡೆ — ಹೊರಗೆ ಕರೆಗಂಟೆ, ಮೆಕಾನಿಕ್ ಬೇಗ ಬಂದುಬಿಟ್ಟನೆ, ರೀ, ಯಾರೋ ಬಂದಿದಾರೆ ನೋಡಿ, ರೀ, ನಿಮಗೇ ಹೇಳಿದ್ದು, ಕೋಣೆಯ ಬಾಗಿಲು ತೆರೆದ ಸದ್ದು, ಇವಳು ನನ್ನ ಹಿಂದೆ ಬಂದು ನಿಂತಳೇನೋ, ಮಾತಾಡುತ್ತಿಲ್ಲ, ಯಾಕೆ ಮಾತಾಡುತ್ತಿಲ್ಲ, ತಿರುಗಿ ನೋಡಬೇಕು, ತಿರುಗಲಾರೆ, ತಿರುಗ್ಬೇಡ, ಅಲಗು ತಾಗಿದೆ, ಬಲಗಿವಿಯ ಹಿಂದೆ, ತಣ್ಣಗೆ, ಅಲಗು