ಈಗ ನೀವು ತಿರುಗಿ ಹೇಳಿ

ಆ ಆಸ್ಪತ್ರೆಯಲ್ಲಿ ಡಾಕ್ಟರುಗಳು ಗಂಟು ಹಾಕಿದ ಮಾತನ್ನು ಬಿಡಿಸಿ ಹೇಳಲೆಂದೇ ಒಬ್ಬಳಿದ್ದಳು. ಕಾರಿಡಾರಿನ ಕೊನೆಯಲ್ಲಿ, ಎಕ್ಸ್‌ರೇ ಕೋಣೆಯ ಪಕ್ಕ ಒಂದು ಮೇಜು, ಒಂದಿಷ್ಟು ಕುರ್ಚಿ, ತಲೆಯ ಮೇಲೆ ಕಟಕಟ ಎನ್ನುವ ಫ್ಯಾನು. ಎಲ್ಲರ ಬಾಯಲ್ಲೂ ಅವಳು ‘ಅರ್ಥದಕ್ಕ’. ರಕ್ತಹೀನತೆ ಎಂದರೆ ರಕ್ತವೇ ಇಲ್ಲವೆಂದಲ್ಲ, ರಕ್ತದ ಕಸುವು ಕಡಿಮೆ ಎಂದು. ಬಯಾಪ್ಸಿ ಎಂದರೆ ಕ್ಯಾನ್ಸರ್ ಎಂದಲ್ಲ, ಒಂದು ಚೂರು ತೆಗೆದು ನೋಡುವುದು ಎಂದು ಹೇಳಿ ಹೇಳಿ ಅವಳ ಗಂಟಲು ಒರಟಾಗಿತ್ತು. ಹೇಳಿ ಮುಗಿಸಿದ ಮೇಲೆ ಅವಳದೊಂದು ಪಟ್ಟು: “ಈಗ ನೀವು ನನಗೆ ತಿರುಗಿ ಹೇಳಿ.” ಅರ್ಥವಾಯಿತೆಂದು ಸುಮ್ಮನೆ ತಲೆಯಾಡಿಸಿ ಎದ್ದವರನ್ನು ಅವಳು ಬಿಡುತ್ತಿರಲಿಲ್ಲ. ಅವರು ತಪ್ಪಾಗಿ ಹೇಳಿದರೆ ತಪ್ಪು ಅವರದಲ್ಲ, ಹೇಳಿಕೊಟ್ಟವಳದು ಎಂದು ಹೊಸ ನರ್ಸುಗಳಿಗೂ ಅರೆದು ಕುಡಿಸಿದ್ದಳು.

ಇವತ್ತು ಎದುರು ಕುರ್ಚಿಯಲ್ಲಿ ಕೂತಿದ್ದವಳು ಅವಳ ಅಮ್ಮ.

ಕೂತಿದ್ದಳು ಎನ್ನುವುದೂ ಅಷ್ಟು ನಿಜವಲ್ಲ. ಅಮ್ಮನ ಅರ್ಧ ಆಯುಷ್ಯ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ, ಕಲಿಯುವವರ ಪಕ್ಕದ ಸೀಟಿನಲ್ಲಿ, ಅಲ್ಲಿರುವ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟೇ ಕಳೆದಿತ್ತು. ಆ ಕಾಲಿಗೆ ಆಸ್ಪತ್ರೆಯಲ್ಲೂ ಬಿಡುವಿಲ್ಲ. ಆ ಕಾರಿನ ಕೀಲಿಯನ್ನು ಬೆರಳಲ್ಲಿ ಗಿರಗಿರ ತಿರುಗಿಸುತ್ತ, “ಬೇಗ ಹೇಳೇ, ಸಾಯಂಕಾಲದ ಸ್ಟೂಡೆಂಟು ಕಾಯ್ತಾ ನಿಂತಿರ್ತಾನೆ” ಎಂದಳು.

ಸ್ವಲ್ಪ ಹೊತ್ತಿಗೆ ಮುಂಚೆ ಸರ್ಜನ್ ಮಗಳನ್ನು ಬದಿಗೆ ಕರೆದಿದ್ದರು. ಅಮ್ಮನಿಗೆ ಬೆನ್ನುನೋವೆಂದು ಮಾಡಿಸಿದ ಸ್ಕ್ಯಾನಿನಲ್ಲಿ ಅನ್ಯೂರಿಸಂ ಕಂಡಿತ್ತು. ದೊಡ್ಡದು. “ಈ ವಾರವೇ ಆಪರೇಷನ್ ಆಗ್ಬೇಕು. ನಿಮ್ಮಷ್ಟು ಚೆನ್ನಾಗಿ ಹೇಳೋಕೆ ನನಗೆ ಬರಲ್ಲ, ನೀವೇ ಹೇಳಿ. ನಾನು ಮನೆಗೆ ಹೊರಡೋದ್ರೊಳಗೆ ಅವರು ಹೂಂ ಅಂತಾರೋ ಇಲ್ವೋ ತಿಳಿಸಿ” ಎಂದಿದ್ದರು.

ಅನ್ಯೂರಿಸಂಗೆ ಅವಳ ಹತ್ತಿರ ಸಿದ್ಧ ಮಾತಿತ್ತು: ದೊಡ್ಡ ರಕ್ತನಾಳದ ಗೋಡೆ ಒಂದು ಕಡೆ ಸೋತು ಉಬ್ಬಿದೆ, ಹಳೇ ಟೈರಿನ ಪಕ್ಕದಲ್ಲಿ ಉಬ್ಬು ಬಂದ ಹಾಗೆ. ಆ ಟೈರನ್ನು ಅವಳು ಕಲಿತದ್ದೇ ಅಮ್ಮನಿಂದ. ಅಂಥ ಟೈರು ಕಣ್ಣಿಗೆ ಬಿದ್ದರೆ ಅಮ್ಮ ಕಾರನ್ನು ಗೇಟು ದಾಟಿಸುತ್ತಿರಲಿಲ್ಲ. ಅದಕ್ಕೇ ಇವತ್ತು ಆ ಮಾತು ಬಾಯಿಗೆ ಬರಲಿಲ್ಲ. ಟೈರು ಎಂದರೆ ಮುಗಿಯಿತು, ಮಿಕ್ಕಿದ್ದೆಲ್ಲ ಅಮ್ಮನಿಗೆ ತಾನಾಗಿಯೇ ಗೊತ್ತಾಗುತ್ತದೆ.

ಎದ್ದು ಕಿಟಕಿ ಮುಚ್ಚಿದಳು. ಸೆಖೆಯಾಯಿತೆಂದು ಮತ್ತೆ ತೆರೆದಳು. ನೀರು ಕುಡಿದಳು.

“ಹಳೇ ಸ್ವೆಟರಿನ ಮೊಣಕೈ ಜೋಲುಬೀಳಲ್ವಾ, ಹಾಗೆ ಹೊಟ್ಟೆ ಒಳಗೊಂದು ರಕ್ತನಾಳ ಸ್ವಲ್ಪ ಸಡಿಲ ಆಗಿದೆಯಮ್ಮಾ. ಆಪರೇಷನ್ ಮಾಡಿ ಸರಿ ಮಾಡೋಣ ಅಂತಿದಾರೆ.” ಅಷ್ಟು ಹೇಳಿ, ಅಭ್ಯಾಸಬಲದಿಂದ, “ಈಗ ನೀನು ತಿರುಗಿ ಹೇಳು” ಎಂದಳು.

“ಸ್ವೆಟರು ಜೋಲುಬಿದ್ದಿದೆ. ಅಷ್ಟಕ್ಕೆ ಯಾರಾದ್ರೂ ಹೊಟ್ಟೆ ಕುಯ್ಸ್ಕೋತಾರೇನೇ? ಬೇಡ ಅಂತ ಹೇಳ್ಬಿಡು.” ಅಮ್ಮ ಎದ್ದು ಹೊರಟೇಬಿಟ್ಟಳು.

ಹೇಳಿದ್ದನ್ನು ಅಕ್ಷರ ಬಿಡದೆ ತಿರುಗಿ ಹೇಳಿದ್ದಳು. ಮಗಳು ಕಾರಿಡಾರಿನಲ್ಲಿ ಅಡ್ಡ ಬಂದ ಗಾಲಿಕುರ್ಚಿಯನ್ನು ಸುತ್ತುಹಾಕಿ, ಮೆಟ್ಟಿಲಿಳಿದು, ಚಪ್ಪಲಿ ಕಿತ್ತುಹೋಗುವಂತೆ ಓಡಿದಳು. ಅಷ್ಟರಲ್ಲಿ ಅಮ್ಮ ಕಾರಿನ ಬಾಗಿಲಿಗೆ ಕೈ ಹಾಕಿದ್ದಳು.

“ಅಮ್ಮಾ, ನಿಂತ್ಕೋ! ಸ್ವೆಟರಲ್ಲ. ಟೈರು. ಪಕ್ಕದಲ್ಲಿ ಉಬ್ಬಿರೋ ಟೈರು.”

ತಿರುಗುತ್ತಿದ್ದ ಕೀಲಿ ನಿಂತಿತು.

“ತುಂಬಾ ಉಬ್ಬಿದೆಯಾ?”

“ತುಂಬಾ. ಯಾವಾಗ ಬೇಕಾದ್ರೂ ಒಡೀಬಹುದು. ಒಡೆದ್ರೆ ಇಲ್ಲಿ ತನಕ ಬರೋಷ್ಟು ಹೊತ್ತೂ ಸಿಗದೇ ಇರಬಹುದು.”

“ಇದನ್ನ ಹೊಟ್ಟೇಲಿಟ್ಕೊಂಡು, ಯಾರದೋ ಮಗನನ್ನ ಪಕ್ಕ ಕೂರಿಸ್ಕೊಂಡು ರಸ್ತೆಗೆ ಇಳೀತಿದ್ನಲ್ಲೇ!” ಅಮ್ಮ ಸಿಡಿದಳು. “ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡೋಕಾ ನಿನ್ನನ್ನ ಅಲ್ಲಿ ಕೂರಿಸಿರೋದು?”

ಮಗಳು ತಲೆ ತಗ್ಗಿಸಿದಳು. ನಾಚಿಕೆಗಿಂತ ಭಯವೇ ಹೆಚ್ಚಾಗಿತ್ತು. ಅಮ್ಮನ ದನಿ ಇಳಿಯಿತು.

“ಸರಿ. ಆಪರೇಷನ್ ವಿಷಯ ಹೇಳು.”

“ಹೆಚ್ಚಿನೋರು ಚೆನ್ನಾಗೇ ಎದ್ದು ಬರ್ತಾರೆ.”

“ಮಿಕ್ಕೋರು?”

ಊರಿಗೆಲ್ಲ ಅರ್ಥ ಹೇಳುವ ನಾಲಿಗೆ ಹೊರಳಲೇ ಇಲ್ಲ.

“ಅಲ್ನೋಡು, ನಿನಗೇ ಅರ್ಥ ಆಗಿಲ್ಲ. ಹೇಳೋ ತನಕ ನಾನು ಬಿಡಲ್ಲ.”

“ನೀನು... ಏಳದೇನೂ ಇರಬಹುದಮ್ಮಾ.” ಹೇಳಿದ್ದೇ ತಡ, ಕಾರಿಗೆ ಒರಗಿ ಬಿಕ್ಕಿಬಿಕ್ಕಿ ಅತ್ತಳು.

ಅಮ್ಮ ಸುಮ್ಮನೆ ಕಾದಳು. ನಡುರಸ್ತೆಯಲ್ಲಿ ಎಂಜಿನ್ ಆಫ್ ಮಾಡಿಕೊಂಡು ಕೈಕಾಲು ಬಿಡುವ ಹೊಸ ಕಲಿಕೆಯವರಿಗೂ ಅವಳು ಹೀಗೆಯೇ ಬೈಯದೆ ಕಾಯುತ್ತಿದ್ದಳು. ಆಮೇಲೆ ತನ್ನ ಸೆರಗಿನಿಂದ ಮಗಳ ಮುಖ ಒರೆಸಿದಳು.

“ಹೂಂ, ಈಗ ಇಬ್ಬರಿಗೂ ಅರ್ಥ ಆಯ್ತು. ಮಾಡಿಸ್ಕೋತಾಳೆ ಅಂತ ಹೇಳಿ ಬಾ. ಗಾಡಿ ನೀನೇ ಓಡಿಸು” ಎಂದು ಕೀಲಿಯನ್ನು ಮಗಳ ಕೈಗಿಟ್ಟಳು.

ಸರ್ಜನ್‌ಗೆ ತಿಳಿಸಿ ಬರುವ ತನಕ ಕೀಲಿ ಮಗಳ ಮುಷ್ಟಿಯಲ್ಲೇ ಇತ್ತು. ಅಮ್ಮ ಫೋನಿನಲ್ಲಿ ಸ್ಟೂಡೆಂಟಿಗೆ ಇವತ್ತು ಕ್ಲಾಸಿಲ್ಲ ಎನ್ನುತ್ತಿದ್ದಳು. ಮಗಳು ಅಭ್ಯಾಸದಂತೆ ಅವಳಿಗಾಗಿ ಎರಡನೇ ಬ್ರೇಕಿನ ಕಡೆಯ ಮುಂದಿನ ಬಾಗಿಲು ತೆರೆದು ಹಿಡಿದಳು. ಅಮ್ಮ ಅದನ್ನು ತಾನೇ ಮುಚ್ಚಿ, ಹಿಂದಿನ ಬಾಗಿಲು ತೆಗೆದು ಒಳಗೆ ಕೂತಳು. ಹಿಂದಿನ ಸೀಟಿನಲ್ಲಿ ಬ್ರೇಕ್ ಇರಲಿಲ್ಲ.